ಸೀರಣಿಗೆ

ಬೀಗ ಹಾಕಿ ಹೋಗಿದ್ದ ಮನೆಗೆ ಮರಳಿದಾಗ ಮೊದಲು ಎದುರುಗೊಳ್ಳುವುದು ಅದರ ವಾಸನೆ. ಮಳೆಗಾಲದ ಮುಗ್ಗಲು, ದೇವರ ಮುಂದೆ ಆರಿಹೋದ ದೀಪದ ಎಣ್ಣೆ, ಅಡಿಗೆಮನೆಯ ಮೂಲೆಯಲ್ಲಿ ಮರೆತುಹೋದ ಎರಡು ಈರುಳ್ಳಿ. ಆ ವಾಸನೆ ನನಗೆ ಇಷ್ಟ. ಮಗಳ ಹೆರಿಗೆಗೆಂದು ಬೆಂಗಳೂರಿಗೆ ಹೋಗಿದ್ದ ನಾವಿಬ್ಬರು 26 ದಿನದ ಮೇಲೆ ಶಿವಮೊಗ್ಗದ ಮನೆಗೆ ಬಂದ ಆ ಮಧ್ಯಾಹ್ನ, ಹೊಸ್ತಿಲಲ್ಲಿ ನಿಂತು ಅದನ್ನು ಒಮ್ಮೆ ಎದೆ ತುಂಬ ಎಳೆದುಕೊಂಡೆ. ಚೀಲ ಇಳಿಸಿ, ಕಿಟಕಿ ತೆಗೆಯೋಣವೆಂದು ನಡುಮನೆ ದಾಟಿದೆ. ಪಾದದ ಮೇಲೆ ಸೂಜಿ ಚುಚ್ಚಿದಂತಾಯಿತು. ಮತ್ತೊಂದು ಚುಚ್ಚು. ಮತ್ತೆ ನಾಲ್ಕು.

"ರೀ, ಪಂಚೆ ನೋಡ್ಕೊಳ್ಳಿ" ಎಂದಳು ಇವಳು ಬಾಗಿಲ ಬಳಿಯಿಂದ.

ಬಿಳಿ ಪಂಚೆಯ ಮೇಲೆ, ಮೊಣಕಾಲಿನಿಂದ ಕೆಳಗೆ, ಯಾರೋ ಕರಿ ಎಳ್ಳು ಎರಚಿದಂತಿತ್ತು. ಕೈಯಿಂದ ಒರೆಸಲು ಹೋದರೆ ಎಳ್ಳು ಅಲ್ಲಿರಲಿಲ್ಲ, ಒಂದು ಗೇಣು ಆಚೆಗಿತ್ತು. ಚಿಗಟ. ನಾವಿಬ್ಬರೂ ಜಗಲಿಗೆ ಓಡಿ ಬಂದೆವು. ಜಗಲಿಯ ಕಟ್ಟೆಯ ಮೇಲೆ ನಮ್ಮ ಬೆಕ್ಕು ಬೆಳ್ಳಿ ಕೂತಿತ್ತು. ಮೈ ತುಂಬ ಬೂದಿ ಬಣ್ಣ, ಕುತ್ತಿಗೆಯ ಕೆಳಗೆ ಮಾತ್ರ ಬಿಳಿ. ಪಕ್ಕದ ಮನೆಯ ಅಕ್ಕ ಇಷ್ಟು ದಿನ ಎರಡು ಹೊತ್ತು ಅನ್ನ ಹಾಲು ಹಾಕಿ ನೋಡಿಕೊಂಡಿದ್ದರು. ನಮ್ಮನ್ನು ಕಂಡು ಬೆಳ್ಳಿ ಎದ್ದು ಬೆನ್ನು ಬಿಲ್ಲು ಮಾಡಿ, ಬಾಲ ನೆಟ್ಟಗೆ ನಿಲ್ಲಿಸಿ ಬಂದು ಕಾಲಿಗೆ ಮೈ ತಿಕ್ಕಿತು. ತಿಕ್ಕುತ್ತಿದ್ದಂತೆಯೇ ನಡುವೆ ನಿಂತು ಹಿಂಗಾಲಿನಿಂದ ಕಿವಿಯ ಬುಡವನ್ನು ಕೆರೆಯಿತು.

ಮನೆಯೊಳಗೆ 26 ದಿನ ಬೆಕ್ಕಿರಲಿಲ್ಲ, ಮನುಷ್ಯರಿರಲಿಲ್ಲ. ಹಾಗಾದರೆ ಈ ದಂಡು ಏನು ತಿಂದು ಬದುಕಿತ್ತು? ಈ ಪ್ರಶ್ನೆ ನನಗೆ ಹೊಸದಲ್ಲ. ಐವತ್ತು ವರ್ಷಕ್ಕೂ ಹಿಂದೆ, ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯಲ್ಲಿ, ಕೆರೆದು ಕೆರೆದು ರಕ್ತ ಬರಿಸಿಕೊಂಡ ಕಾಲುಗಳನ್ನು ಚಾಚಿ ಕೂತು ಇದೇ ಪ್ರಶ್ನೆಯನ್ನು ಅಜ್ಜಿಗೆ ಕೇಳಿದ್ದೆ.

ಆ ಮನೆಯಲ್ಲಿ ಕಾಳಿ ಎಂಬ ಬೆಕ್ಕಿತ್ತು. ಹಗಲೆಲ್ಲ ಅಟ್ಟದಲ್ಲಿ, ರಾತ್ರಿ ಒಲೆಯ ಬೂದಿಯಲ್ಲಿ ಅದರ ವಾಸ. ಬೆಳಿಗ್ಗೆ ಅಮ್ಮ ಒಲೆ ಬಳಿಯಲು ಕೂತರೆ, ಬೂದಿಯೊಳಗಿಂದ ಕಣ್ಣು ಬಿಟ್ಟು, ಮೈ ಕೊಡವಿ, ಅಡಿಗೆಮನೆಯೆಲ್ಲ ಬೂದಿ ಹಾರಿಸಿ ಹೊರಗೆ ನಡೆಯುತ್ತಿತ್ತು. ಬೈಗುಳ ತಿನ್ನದೆ ಅದರ ದಿನ ಶುರುವಾಗುತ್ತಿರಲಿಲ್ಲ. ಬೂದಿಯಲ್ಲಿ ಅದು ಮಲಗುವುದು ಬೆಚ್ಚಗಿರಲೆಂದೇ ಎಂದು ನಾನು ತಿಳಿದಿದ್ದೆ. ಮೈಯ ತುರಿಕೆಗೂ ಆ ಒಣ ಬೂದಿ ಹಿತವಾಗಿತ್ತೋ ಏನೋ ಎಂದು ಈಗ ಅನಿಸುತ್ತದೆ.

ಒಂದು ಮಳೆಗಾಲದ ಕೊನೆಗೆ ಕಾಳಿ ಅಟ್ಟದ ಭತ್ತದ ಹುಲ್ಲಿನಲ್ಲಿ ನಾಲ್ಕು ಮರಿ ಹಾಕಿತು. ಅದೇ ಹೊತ್ತಿಗೆ ಮನೆಯಲ್ಲಿ ಚಿಗಟ ಕಾಣಿಸಿಕೊಂಡಿತು. ಚಾಪೆ ಹಾಸಿ ಮಲಗಿದ ಮಕ್ಕಳೆಲ್ಲ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದೆವು. ಮೂರನೆಯ ದಿನ ದೊಡ್ಡಪ್ಪ ತೀರ್ಪು ಕೊಟ್ಟರು: "ಎತ್ತಿ ಹೊಳೆ ದಾಟ್ಸಿ ಬನ್ನಿ." ಬೆಕ್ಕನ್ನು ಕೊಲ್ಲುವ ಮಾತು ಯಾರ ಬಾಯಲ್ಲೂ ಬರುವಂತಿರಲಿಲ್ಲ. ಬೆಕ್ಕನ್ನು ಕೊಂದ ಪಾಪ ಕಳೆಯಲು ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿತ್ತು. ಅದಕ್ಕೇ ಗೋಣಿಚೀಲ. ಕಾಳಿಯನ್ನು ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ನನ್ನನ್ನೂ ಜೊತೆಗೆ ಕರೆದುಕೊಂಡು ನಮ್ಮ ಮನೆಯ ಆಳು ತುಂಗಾ ಹೊಳೆಯ ದೋಣಿ ಹತ್ತಿದ. ಚೀಲ ನನ್ನ ತೊಡೆಯ ಮೇಲಿತ್ತು. ಒಳಗಿದ್ದ ಜೀವ ಮೊದಲು ಒದೆಯಿತು, ನಡುಹೊಳೆಯಲ್ಲಿ ಸುಮ್ಮನಾಯಿತು. ಗೋಣಿಯ ಎಳೆಗಳ ನಡುವಿನಿಂದ ಅದರ ಉಸಿರಿನ ಬಿಸಿ ನನ್ನ ಅಂಗೈಗೆ ತಾಗುತ್ತಿತ್ತು. ಆಚೆ ದಡದಲ್ಲಿ ಚೀಲದ ಬಾಯಿ ಬಿಚ್ಚಿದಾಗ ಕಾಳಿ ನಮ್ಮತ್ತ ತಿರುಗಿಯೂ ನೋಡದೆ ಪೊದೆಯೊಳಗೆ ಓಡಿತು. ಅದು ಮತ್ತೆ ಬರಲಿಲ್ಲ.

ಬೆಕ್ಕು ಹೋದ ಮೇಲೆ ಚಿಗಟ ಹೋಗಬೇಕಿತ್ತಲ್ಲ? ಎರಡು ಪಟ್ಟಾಯಿತು. ನಮ್ಮ ಕಾಲುಗಳ ತುಂಬ ಕೆಂಪು ಗುಳ್ಳೆ, ಮೂರು ಮೂರು ಒಂದೇ ಸಾಲಿನಲ್ಲಿ. ನಾನು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದು ಇಷ್ಟೇ: "ಇಷ್ಟು ದಿನ ಅದು ಕಚ್ಚಿಸ್ಕೊಳ್ತಿತ್ತು ಮಗಾ. ಈಗ ಅವು ಇನ್ಯಾರನ್ನ ಕಚ್ಬೇಕು?"

ಅಜ್ಜಿ ಓದಿದವರಲ್ಲ. ಆದರೆ ಆ ಮಾತಿನಲ್ಲಿ ಲೋಪವಿರಲಿಲ್ಲ ಎಂಬುದು ಎಷ್ಟೋ ವರ್ಷಗಳ ಮೇಲೆ, ನಾನು ಈ ಹುಳದ ಬಗ್ಗೆ ಓದಿಕೊಂಡಾಗ ತಿಳಿಯಿತು. ನಮ್ಮ ಕಣ್ಣಿಗೆ ಬೀಳುವ, ಹಾರುವ, ಕಚ್ಚುವ ಚಿಗಟ ಮನೆಯೊಳಗಿನ ಸಂಸಾರದಲ್ಲಿ ನೂರಕ್ಕೆ ಐದರಷ್ಟು ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿಹುಳ, ಗೂಡು. ಹೆಣ್ಣು ಚಿಗಟ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಯವರೆಗೂ ಇಡುತ್ತದೆ. ಮೊಟ್ಟೆ ಅಂಟುವುದಿಲ್ಲ. ನುಣ್ಣಗೆ, ರವೆಯ ಕಾಳಿಗಿಂತ ಚಿಕ್ಕದಾಗಿ, ಬೆಕ್ಕಿನ ಮೈಯಿಂದ ಉದುರುತ್ತ ಹೋಗುತ್ತದೆ. ಬೆಕ್ಕು ಎಲ್ಲಿ ಮಲಗಿತೋ, ಎಲ್ಲಿಂದ ಧುಮುಕಿತೋ, ಎಲ್ಲಿ ಕೂತು ಕೆರೆಯಿತೋ ಅಲ್ಲೆಲ್ಲ ಬಿತ್ತನೆ. ಮೊಟ್ಟೆಯೊಡೆದು ಬರುವ ಮರಿಹುಳ ಬೆಳಕಿಗೆ ಅಂಜಿ ನೆಲದ ಬಿರುಕಿಗೆ, ಚಾಪೆಯ ಅಡಿಗೆ, ಬಟ್ಟೆಯ ಮಡಿಕೆಗೆ ಇಳಿಯುತ್ತದೆ. ಅದರ ಆಹಾರವೂ ಮೇಲಿಂದ ಉದುರಿದ್ದೇ: ತಾಯಿ ಚಿಗಟಗಳು ರಕ್ತ ಹೀರಿ ಹಾಕಿದ ಹಿಕ್ಕೆ. ಬೆಳೆದ ಮೇಲೆ ರೇಷ್ಮೆ ಹುಳದ ಹಾಗೆ ನೂಲು ಬಿಟ್ಟು ಗೂಡು ಕಟ್ಟಿಕೊಳ್ಳುತ್ತದೆ. ರೇಷ್ಮೆಗೂಡಾದರೆ ಕಣ್ಣು ತುಂಬುವ ಹಾಗಿರುತ್ತದೆ. ಈ ಗೂಡು ಅಂಟಂಟಾಗಿದ್ದು ಮೈಗೆಲ್ಲ ಧೂಳು ಮೆತ್ತಿಕೊಂಡು ಕಸದೊಳಗೆ ಕಸವಾಗಿ ಕೂರುತ್ತದೆ.

ನಮ್ಮ ಬೀಗ ಹಾಕಿದ ಮನೆಯ ಗುಟ್ಟು ಈ ಗೂಡಿನಲ್ಲಿತ್ತು. ಒಳಗೆ ಚಿಗಟ ಪೂರ್ತಿ ಬೆಳೆದಿದ್ದರೂ ಹೊರಗೆ ಬರುವುದಿಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ನೆಲ ಅದುರಬೇಕು, ಮೈಯ ಬಿಸಿ ತಾಗಬೇಕು, ಉಸಿರಿನ ಗಾಳಿ ಹತ್ತಿರ ಬರಬೇಕು. ಆಗ ಕ್ಷಣಗಳಲ್ಲಿ ಗೂಡು ಒಡೆದು ಹಾರುತ್ತದೆ. 26 ದಿನದ ಮೌನದ ಮೇಲೆ ನಾನು ನಡುಮನೆಯಲ್ಲಿ ಹಾಕಿದ ಹತ್ತು ಹೆಜ್ಜೆ ಇಡೀ ದಂಡನ್ನು ಎಬ್ಬಿಸಿತ್ತು. ಏನೂ ತಿನ್ನದೆ ನಮ್ಮನ್ನೇ ಕಾದು ಕೂತಿದ್ದವು ಅವು.

ಅಜ್ಜಿ ಕಾಳಿಯ ಪರ ನಿಂತದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಅವರು ಚಿಕ್ಕ ಹುಡುಗಿಯಾಗಿದ್ದಾಗ ಪ್ಲೇಗು ಕಂಡವರು. ಮನೆಯ ಜಂತೆಯಿಂದ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಪಾತ್ರೆ ಪಗಡೆ ಹೊತ್ತು ಹೊಲದ ಗುಡಿಸಲಿಗೆ ಹೋಗುತ್ತಿತ್ತಂತೆ. "ಇಲಿ ಬಿತ್ತು" ಎಂಬ ಎರಡು ಮಾತನ್ನು ಅವರು ಎಂಬತ್ತರ ವಯಸ್ಸಿನಲ್ಲೂ ದನಿ ತಗ್ಗಿಸಿಯೇ ಹೇಳುತ್ತಿದ್ದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅದೇ 1898ರಲ್ಲಿ, ಕರಾಚಿಯಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಪ್ಲೇಗು ಹರಡುವುದು ಚಿಗಟದಿಂದ ಎಂದು ಕಂಡುಹಿಡಿದ. ರೋಗ ಹತ್ತಿದ ಇಲಿಯೊಂದನ್ನು ದೊಡ್ಡ ಗಾಜಿನ ಭರಣಿಯಲ್ಲಿಟ್ಟ. ಆರೋಗ್ಯವಂತ ಇಲಿಯೊಂದನ್ನು ತಂತಿಬಲೆಯ ಗೂಡಿನಲ್ಲಿ ಹಾಕಿ ಅದೇ ಭರಣಿಯೊಳಗೆ ಇಳಿಬಿಟ್ಟ. ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ಹಾರಿ ಹೋಗಬಹುದಿತ್ತು. ಮೊದಲನೆಯದು ಸತ್ತ ಕೆಲವು ದಿನಕ್ಕೆ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಪ್ರಯೋಗಕ್ಕೆ ಚಿಗಟ ಸಾಲದೇ ಹೋದೀತೆಂದು ಅವನು ತಾನಿದ್ದ ಹೋಟೆಲಿನಲ್ಲಿ ಅಡ್ಡಾಡುತ್ತಿದ್ದ ಬೆಕ್ಕೊಂದರ ಮೈಯಿಂದ ಕೆಲವನ್ನು ಕಡ ತೆಗೆದುಕೊಂಡಿದ್ದ. ಆ ಬೆಕ್ಕಿನ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಬಂದರಿನ ಊರಿನಲ್ಲಿ, ಯಾರದೂ ಅಲ್ಲದ ಒಂದು ಬೆಕ್ಕು, ತನ್ನ ಮೈಯ ನಾಲ್ಕು ಚಿಗಟ ಕೊಟ್ಟು ಎಷ್ಟು ದೊಡ್ಡ ಸಂಗತಿಗೆ ನೆರವಾಯಿತು! ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಯ ಚಿಗಟ, ಬೆಕ್ಕಿನದು ಬೇರೆ ಜಾತಿ. ನಮ್ಮ ಅಜ್ಜಿಗೆ ಈ ಜಾತಿಭೇದ ಗೊತ್ತಿರಲಿಲ್ಲ. ಇಲಿ ಹಿಡಿಯುವ ಬೆಕ್ಕನ್ನು ಹೊಳೆ ದಾಟಿಸಬಾರದು ಎಂಬುದು ಗೊತ್ತಿತ್ತು.

ಈಗ ನಮ್ಮ ಮನೆಗೆ ಬರುತ್ತೇನೆ. ಆ ಸಂಜೆ ನಾನು ಅಂಗಡಿಗೆ ಹೋಗಿ ಚಿಗಟದ ಔಷಧಿ ಕೇಳಿದೆ. ಅಲ್ಲಿದ್ದ ಹುಡುಗ ಒಂದು ಪುಟ್ಟ ಕೊಳವೆ ಕೊಟ್ಟ. ಡಬ್ಬಿಯ ಮೇಲೆ ನಾಯಿಯ ಚಿತ್ರವಿತ್ತು. "ಬೆಕ್ಕಿಗೂ ಆಗುತ್ತೆ ಸಾರ್, ಅರ್ಧ ಹಾಕಿ" ಎಂದ. ನಂಬಿ ತಂದೆ. ಬೆಳ್ಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೊಳವೆಯ ತುದಿ ಕತ್ತರಿಸುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ ನೋಡಿದರು. ಚಪ್ಪಲಿ ಹಾಕಿಕೊಳ್ಳದೆ ಓಡಿ ಬಂದರು. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, "ಅಣ್ಣಾ, ಬೇಡ. ನಮ್ಮ ಹಿಂದಿನ ಬೆಕ್ಕು ಹೋಗಿದ್ದು ಇದರಲ್ಲೇ" ಎಂದರು. ಅವರ ಕೈ ನಡುಗುತ್ತಿತ್ತು. ಔಷಧಿ ಹಾಕಿದ ರಾತ್ರಿಯೇ ಅವರ ಬೆಕ್ಕಿಗೆ ಮೈ ಅದುರಲು ಶುರುವಾಗಿ, ಬಾಯಲ್ಲಿ ನೊರೆ ಬಂದು, ಬೆಳಗಾಗುವ ಮೊದಲೇ ಎಲ್ಲ ಮುಗಿದಿತ್ತು.

ಡಬ್ಬಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಪರ್ಮೆಥ್ರಿನ್ ಎಂದಿತ್ತು. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿ ಕೀಟಗಳಿಗೆ ವಿಷವಾಗುವ ಸಾರವಿದೆ. ಅದನ್ನು ಹೋಲುವಂತೆ ಮಾಡಿದ ರಾಸಾಯನಿಕ ಇದು. ನಾಯಿಯ ಮೈ ಅದನ್ನು ಕರಗಿಸಿ ಹೊರಹಾಕುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ, ಆ ಶಕ್ತಿ ಸಾಲದು. ಅರ್ಧ ಹಾಕಿದರೂ ಅಷ್ಟೇ, ಕಾಲು ಹಾಕಿದರೂ ಅಷ್ಟೇ. ಕರ್ಪೂರ ಬೆರೆಸಿದ ಎಣ್ಣೆ ಹಚ್ಚಿ, ನಿಂಬೆ ಸಿಪ್ಪೆಯ ಎಣ್ಣೆ ಹಚ್ಚಿ, ಹೊಗೆಸೊಪ್ಪಿನ ನೀರು ಹೊಯ್ಯಿರಿ ಎಂದು ಹೇಳುವವರೂ ಇದ್ದಾರೆ. ಇವೂ ಬೆಕ್ಕಿಗೆ ವಿಷ. ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಇಳಿಸುವ ಪ್ರಾಣಿ ಅದು. ನಾವು ಹುಡುಗರಾಗಿದ್ದಾಗ ಮನೆಯ ಮೂಲೆ ಮೂಲೆಗೂ, ನಾಯಿ ಬೆಕ್ಕಿನ ಮೈಗೂ ಗಮಾಕ್ಸಿನ್ ಎಂಬ ಕೀಟನಾಶಕ ಪುಡಿ ಎರಚುತ್ತಿದ್ದುದು ನೆನಪಾಗಿ ಈಗ ಮೈ ಜುಮ್ಮೆನ್ನುತ್ತದೆ.

ಮರುದಿನ ಬೆಳ್ಳಿಯನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಬಟ್ಟೆ ಕಟ್ಟಿ ಪಶುವೈದ್ಯರಲ್ಲಿಗೆ ಒಯ್ದೆ. ಅವರು ಮೊದಲು ಔಷಧಿಯ ಮಾತೇ ಎತ್ತಲಿಲ್ಲ. ಬಾಲದ ಬುಡದ ಕೂದಲನ್ನು ಸರಿಸಿ, ಅಲ್ಲಿದ್ದ ಕರಿ ಪುಡಿಯನ್ನು ಬಿಳಿ ಕಾಗದದ ಮೇಲೆ ಉದುರಿಸಿಕೊಂಡು ಎರಡು ಹನಿ ನೀರು ಬಿಟ್ಟರು. ಕಪ್ಪು ಕರಗಿ ಕೆಂಪಾಯಿತು. "ಇದು ಇದರದ್ದೇ ರಕ್ತ" ಎಂದರು. ನಂತರ ಬೆಳ್ಳಿಯ ತುಟಿ ಮೇಲೆತ್ತಿ ಒಸಡು ನೋಡಿದರು. "ಪರವಾಗಿಲ್ಲ, ಗುಲಾಬಿ ಬಣ್ಣ ಇದೆ. ಚಿಕ್ಕ ಮರಿಗಳಾದರೆ ಚಿಗಟ ಹೀರಿ ಹೀರಿಯೇ ರಕ್ತಹೀನತೆಯಿಂದ ಸಾಯುತ್ತವೆ. ಒಸಡು ಬೆಳ್ಳಗಾಗಿಬಿಡುತ್ತದೆ."

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. ಕಾಳಿಯನ್ನು ಹೊಳೆ ದಾಟಿಸಿದ ಮೇಲೆ ಅಟ್ಟದಲ್ಲಿ ನಾಲ್ಕು ಮರಿ ಉಳಿದಿದ್ದವಲ್ಲ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಕುಡಿಸಿದೆವು. ಮೂರು ಒಂದೇ ವಾರದಲ್ಲಿ ಹೋದವು. ತಾಯಿಯಿಲ್ಲದೆ ಸೊರಗಿದವು ಎಂದುಕೊಂಡೆವು. ಅವುಗಳ ಬಾಯಿ ತೆರೆದು ಹಾಲು ಬಿಡುವಾಗ ಒಸಡು ಕಾಗದದ ಹಾಗೆ ಬಿಳುಚಿದ್ದುದನ್ನು ನಾನು ನೋಡಿದ್ದೆ. ನೆಕ್ಕಿ, ಹಲ್ಲಿನಿಂದ ಹೆಕ್ಕಿ ಮರಿಗಳ ಮೈಯಿಂದ ಚಿಗಟ ತೆಗೆಯಬೇಕಾದ ತಾಯಿ ಹೊಳೆಯ ಆಚೆ ಇತ್ತು.

ನಾಲ್ಕನೆಯದು ಬದುಕಿತು. ಅದನ್ನು ಬದುಕಿಸಿದ್ದು ಅಜ್ಜಿಯ ಸೀರಣಿಗೆ. ಹೆಣ್ಣುಮಕ್ಕಳ ತಲೆಯಿಂದ ಹೇನು ಸೀರು ತೆಗೆಯುವ ಕೊಂಬಿನ ಸೀರಣಿಗೆ ಅದು, ಎರಡೂ ಕಡೆ ಕೂದಲೆಳೆಯಷ್ಟು ಸಂದಿನ ಹಲ್ಲು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಜ್ಜಿ ಹಿತ್ತಿಲ ಕಟ್ಟೆಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಆ ಅಂಗೈಯಗಲದ ಮರಿಯನ್ನಿಟ್ಟುಕೊಂಡು ಬಾಚುತ್ತಿದ್ದರು. ಪಕ್ಕದಲ್ಲಿ ಸೀಗೆನೀರಿನ ಬಟ್ಟಲು. ಪ್ರತಿ ಎಳೆತಕ್ಕೂ ಸೀರಣಿಗೆಯನ್ನು ಆ ನೀರಿನಲ್ಲಿ ಅದ್ದುವರು. ಬರಿಯ ನೀರಾದರೆ ಚಿಗಟ ತೇಲಿ ಹಾರಿಹೋಗುತ್ತದೆ, ನೊರೆ ನೀರಿನಲ್ಲಿ ಮುಳುಗುತ್ತದೆ ಎಂದು ನನಗೆ ತೋರಿಸಿದ್ದರು. ಬೆರಳುಗಳ ನಡುವೆ ಹೊಸೆದರೆ ಅದು ಸಾಯುವುದಿಲ್ಲ. ಅಕ್ಕಪಕ್ಕದಿಂದ ಒತ್ತಿ ತಟ್ಟಿದಂಥ ಮೈ ಅದರದು, ಕೂದಲ ಕಾಡಿನಲ್ಲಿ ಓಡಲೆಂದೇ ಆದದ್ದು. ಉಗುರಿಗೆ ಉಗುರು ಒತ್ತಿದರೆ ಮಾತ್ರ ಚಟ್ ಎನ್ನುತ್ತದೆ. ರಾತ್ರಿ ಅಗಲ ತಟ್ಟೆಯಲ್ಲಿ ಅದೇ ನೊರೆನೀರು ತುಂಬಿ, ನಡುವೆ ಹಣತೆ ಹಚ್ಚಿ ನಡುಮನೆಯಲ್ಲಿ ಇಡುತ್ತಿದ್ದರು. ಬೆಳಕಿಗೆ ಹಾರಿ ಬಂದವು ಬೆಳಿಗ್ಗೆ ತಟ್ಟೆಯ ತಳದಲ್ಲಿ ಇರುತ್ತಿದ್ದವು.

ಪಶುವೈದ್ಯರು ಬೆಕ್ಕಿಗೆಂದೇ ಮಾಡಿದ ಹನಿಯನ್ನು ಬೆಳ್ಳಿಯ ಕುತ್ತಿಗೆಯ ಹಿಂದೆ, ನಾಲಿಗೆ ಎಟುಕದ ಜಾಗದಲ್ಲಿ, ಕೂದಲು ಬಿಡಿಸಿ ಚರ್ಮಕ್ಕೆ ತಾಗುವಂತೆ ಬಿಟ್ಟರು. ತೂಕ ನೋಡಿಯೇ ಬಿಟ್ಟರು. ಪ್ರತಿ ತಿಂಗಳೂ ಹಾಕಬೇಕು, ಚಿಗಟ ಕಾಣದಿದ್ದರೂ ಮೂರು ತಿಂಗಳು ನಿಲ್ಲಿಸಬಾರದು ಎಂದರು. ಹುಳದ ಔಷಧಿಯನ್ನೂ ಕೊಟ್ಟರು. ಮೈ ನೆಕ್ಕುವಾಗ ಬೆಕ್ಕು ನುಂಗುವ ಚಿಗಟದೊಳಗೆ ಲಾಡಿಹುಳದ ಮರಿ ಇರುವುದುಂಟಂತೆ. ಬಾಲದಡಿಯಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದೇ.

ಮನೆಯ ಕೆಲಸ ನಮ್ಮದು. ನಾನೂ ಇವಳೂ ಎರಡು ವಾರ ಅದನ್ನೇ ಮಾಡಿದೆವು. ಬೆಳ್ಳಿ ಮಲಗುವ ಜಾಗ ಒಂದೊಂದನ್ನೂ ಹುಡುಕಿದೆವು: ಹಳೆಯ ಪತ್ರಿಕೆಗಳ ಕಟ್ಟಿನ ಮೇಲೆ, ಹೊಲಿಗೆ ಯಂತ್ರದ ಕೆಳಗೆ, ನನ್ನ ಆರಾಮಕುರ್ಚಿಯ ಕ್ಯಾನ್ವಾಸಿನ ಮಡಿಕೆಯಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಯ ಮೇಲೆ ಹಾಸಿದ್ದ ಅಮ್ಮನ ಕೌದಿಯಲ್ಲಿ. ಬಾಡಿಗೆಗೆ ಒಂದು ವ್ಯಾಕ್ಯೂಮ್ ಕ್ಲೀನರ್ ತಂದು ನೆಲದ ಬಿರುಕು, ಗೋಡೆಯ ಬುಡ, ಮಂಚದ ಸಂದಿಗಳನ್ನೆಲ್ಲ ದಿನಕ್ಕೊಮ್ಮೆ ಎಳೆದೆವು. ಅದರ ಅದುರುವಿಕೆಗೇ ಗೂಡುಗಳು ಒಡೆದು ಚಿಗಟ ಹೊರಬರುತ್ತದೆ, ಬಂದದ್ದು ಬೆಳ್ಳಿಯ ಮೈಯ ಔಷಧಿಗೋ ಬಾಚಣಿಕೆಗೋ ಸಿಗುತ್ತದೆ. ಕಸದ ಚೀಲವನ್ನು ಆಗಿಂದಾಗಲೇ ಬಾಯಿ ಕಟ್ಟಿ ಮನೆಯಿಂದ ಆಚೆ ಹಾಕಬೇಕು. ಒಳಗಿಟ್ಟರೆ ಅಲ್ಲೇ ಹೊಸ ಸಂಸಾರ.

ಅಮ್ಮನ ಕೌದಿಯ ವಿಷಯದಲ್ಲಿ ಮಾತ್ರ ನನಗೆ ಸಂಕಟವಾಯಿತು. ಅಮ್ಮನ ಏಳೆಂಟು ಸೀರೆಗಳು ಪದರ ಪದರವಾಗಿ ಅದರಲ್ಲಿವೆ. ನಡುವಿನ ಹಸಿರು ತುಂಡು ಅವಳು ನನ್ನನ್ನು ಹೈಸ್ಕೂಲಿಗೆ ಸೇರಿಸಲು ಬಂದಾಗ ಉಟ್ಟಿದ್ದ ಸೀರೆಯದು. ಅಂಗುಲಕ್ಕೊಂದು ಹೊಲಿಗೆ. ಆ ಹೊಲಿಗೆಯ ಗುಂಟ ಮೊಟ್ಟೆ ಕೂತಿರಬಹುದು. ಸುಟ್ಟುಬಿಡಿ ಎಂದು ಯಾರೋ ಹೇಳಿದರು. ಸುಡಲಿಲ್ಲ. ಹಿತ್ತಿಲಲ್ಲಿ ಹಂಡೆ ಇಟ್ಟು ನೀರು ಕಾಯಿಸಿ, ಕೈ ಸುಡುವ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಬಿಸಿಲು ಬಂದ ಎರಡು ದಿನ ಕಲ್ಲಿನ ಮೇಲೆ ಮಗುಚಿ ಮಗುಚಿ ಒಣಗಿಸಿದೆವು. ಬಣ್ಣ ಸ್ವಲ್ಪ ಮಾಸಿತು. ಹೊಲಿಗೆ ಒಂದೂ ಬಿಡಲಿಲ್ಲ.

ಎಂಟನೆಯ ದಿನ ಮತ್ತೆ ಪಂಚೆಯ ಮೇಲೆ ನಾಲ್ಕು ಎಳ್ಳು ಕಂಡಾಗ ಇವಳು ಅಳುವಂತಾದಳು. ಔಷಧಿ ಸೋತಿತು ಎಂದೇ ನಮಗೆ ಅನಿಸಿತು. ಸೋತಿರಲಿಲ್ಲ. ಗೂಡಿನೊಳಗಿದ್ದವನ್ನು ಯಾವ ಔಷಧಿಯೂ ಮುಟ್ಟುವುದಿಲ್ಲ, ಅವು ತಮ್ಮ ತಮ್ಮ ಹೊತ್ತಿಗೆ ಎದ್ದು ಬರುತ್ತವೆ. ಬಂದು ಬೆಳ್ಳಿಯ ಮೈ ಹತ್ತುತ್ತವೆ, ಅಲ್ಲಿ ಔಷಧಿ ತಾಗಿ ಮೊಟ್ಟೆ ಇಡುವ ಮೊದಲೇ ಸಾಯುತ್ತವೆ. ಮನೆಯನ್ನು ಚಿಗಟದಿಂದ ಬಿಡಿಸಲು ಬೆಕ್ಕು ಮನೆಯಲ್ಲೇ ಇರಬೇಕು ಎಂಬುದು ನನಗೆ ಆಗ ಅರ್ಥವಾಯಿತು. ದೊಡ್ಡಪ್ಪ ಹೊಳೆ ದಾಟಿಸಿದ್ದು ಚಿಗಟವನ್ನಲ್ಲ. ಚಿಗಟ ಇದ್ದದ್ದು ನಮ್ಮ ಚಾಪೆಗಳಲ್ಲಿ.

ಅಜ್ಜಿಯ ಸೀರಣಿಗೆ ಅವರ ಕುಂಕುಮದ ಭರಣಿಯ ಜೊತೆಗೆ ನನ್ನ ಪಾಲಿಗೆ ಬಂದಿತ್ತು. ಕಪಾಟಿನ ಮೇಲಿನ ಅರೆಯಿಂದ ಅದನ್ನು ಇಳಿಸಿದೆ. ಒಂದು ಕಡೆ ಮೂರು ಹಲ್ಲು ಮುರಿದಿವೆ, ಇನ್ನೊಂದು ಕಡೆ ಪೂರ್ತಿ ಗಟ್ಟಿ. ಬೆಳ್ಳಿ ಮೊದಲ ದಿನ ಪರಚಿತು. ಎರಡನೆಯ ದಿನ ಮುಖ ತಿರುಗಿಸಿ ಕೂತಿತು. ಮೂರನೆಯ ದಿನ ಗದ್ದದ ಕೆಳಗೆ ಬಾಚುವಾಗ ಕತ್ತೆತ್ತಿ ಕಣ್ಣು ಮುಚ್ಚಿತು, ಗುರುಗುರು ಎನ್ನತೊಡಗಿತು. ಬಟ್ಟಲಿನ ಸೋಪಿನ ನೀರಿನಲ್ಲಿ ಮೊದಲ ವಾರ ದಿನಕ್ಕೆ ಇಪ್ಪತ್ತು, ಮೂವತ್ತು. ಮೂರನೆಯ ವಾರ ಎರಡು, ಮೂರು. ದೀಪಾವಳಿಯ ಹೊತ್ತಿಗೆ ಬಾಣಂತಿ ಮಗಳು ಕೂಸನ್ನು ಎತ್ತಿಕೊಂಡು ಬಂದಳು. ಅವಳು ಬರುವ ಮುನ್ನಾದಿನ ನಾನು ಹೊಸ ಬಿಳಿ ಪಂಚೆ ಉಟ್ಟು ಮನೆಯ ಮೂಲೆ ಮೂಲೆಯಲ್ಲೂ ನಡೆದೆ, ಬರಿಗಾಲಿನಲ್ಲಿ, ನಿಂತು ನಿಂತು. ಒಂದೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಬೆಕ್ಕಿದ್ದರೆ, ಚಿಗಟವಿದ್ದರೆ, ಡಬ್ಬಿಯ ಮೇಲೆ ಬೆಕ್ಕಿನ ಚಿತ್ರವಿಲ್ಲದ ಔಷಧಿಯನ್ನು ದಯವಿಟ್ಟು ಅದರ ಮೈಗೆ ಹಾಕಬೇಡಿ. ಎಂಟು ವಾರ ತುಂಬದ ಮರಿಗಳಿದ್ದರೆ ಯಾವ ಔಷಧಿಯನ್ನೂ ಪಶುವೈದ್ಯರನ್ನು ಕೇಳದೆ ಮುಟ್ಟಬೇಡಿ. ಬಾಚಿ, ಸೋಪಿನ ನೀರಿಗೆ ಅದ್ದಿ, ಮತ್ತೆ ಬಾಚಿ. ನಮ್ಮ ಸೀರಣಿಗೆ ಈಗ ಕುಂಕುಮದ ಭರಣಿಯ ಬಳಿ ಇಲ್ಲ, ಜಗಲಿಯ ಕಿಟಕಿಯ ಮೊಳೆಗೆ ತೂಗಿದೆ. ನಾಳೆ ಗುರುವಾರ, ಬೆಳ್ಳಿಯನ್ನು ಬಾಚುವ ದಿನ.